ಮಗಳಿಗೊಂದು ಪತ್ರ: ಬಾಲ್ ಕೇಳು ಪುಟ್ಟಿ

ಪ್ರೀತಿಯ ಪುಟ್ಟಿ,

ವಾಲಿಬಾಲ್ ಮ್ಯಾಚ್ ಸೋತಿದ್ದಕ್ಕೆ ನನಗೇನೂ ಬೇಜಾರಿಲ್ಲ. ಆದರೆ "ಕೊನೆ ಸೆಟ್‌ನಲ್ಲಿ ನಂಗೆ ಬಾಲ್ ಬರದಿದ್ರೆ ಸಾಕಪ್ಪಾ ಅನ್ನಿಸ್ತಿತ್ತು ಅಮ್ಮ" ಅಂತ ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಹಾಸ್ಟೆಲ್ ಫೋನಿನಲ್ಲಿ ಸಮಾಧಾನವಾಗಿ ಮಾತಾಡೋಕೆ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ರಜೆಯಲ್ಲಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು 'ಹೈಕ್ಯೂ' ಅನ್ನೋ ಜಪಾನಿ ವಾಲಿಬಾಲ್ ಅನಿಮೆ ತೋರಿಸಿದೆ. ನಿನಗೆ ಹಿನಾತಾ ಅಂದರೆ ಪ್ರಾಣ. ಕುಳ್ಳಗಿದ್ದೂ ಅಷ್ಟೆತ್ತರ ಹಾರುವ ಹುಡುಗ, ಯಾರಿಗೆ ಇಷ್ಟವಾಗಲ್ಲ ಹೇಳು. ನನಗೆ ಮಾತ್ರ ಅಸಾಹಿ. ಅಷ್ಟು ದೊಡ್ಡ ಆಳು, ಅಷ್ಟು ಮೆತ್ತನೆ ಮನಸ್ಸು. ಇಬ್ಬರೂ ಕರಾಸುನೊ ಶಾಲೆಯ ಟೀಮಿನವರು, ಅಲ್ಲಿನ ಮುಖ್ಯ ಸ್ಮ್ಯಾಷರ್ ಅಸಾಹಿ. ಒಂದು ಕಾಲಕ್ಕೆ ದೊಡ್ಡ ಹೆಸರು ಮಾಡಿದ ಶಾಲೆ ಅದು. ಕಥೆ ಶುರುವಾಗುವ ಹೊತ್ತಿಗೆ ಅವರನ್ನು ಹಾರಲಾರದ ಕಾಗೆಗಳು ಅಂತ ಜನ ಆಡಿಕೊಳ್ಳುತ್ತಿರುತ್ತಾರೆ.

ಮಾರ್ಚಿಯಲ್ಲಿ ದಾತೆ ಟೆಕ್ ಅನ್ನೋ ಶಾಲೆ ಜೊತೆ ಆಡಿದ ಮ್ಯಾಚ್ ನೆನಪಿದೆಯಾ? ಅಸಾಹಿ ಹೊಡೆದಿದ್ದೆಲ್ಲ, ನೆಟ್ ಹತ್ತಿರ ಹಾರಿ ಕೈಯೆತ್ತಿ ತಡೆಯುವ ಎದುರಿನವರ ಬ್ಲಾಕ್‌ಗೆ ಬಡಿದು ಇವರ ಕೋರ್ಟಿಗೇ ವಾಪಸ್. ಕೊನೆಕೊನೆಗೆ ಅವನು ಬಾಲ್ ಕೇಳುವುದನ್ನೇ ನಿಲ್ಲಿಸಿಬಿಟ್ಟ. ಸೋತ ಮೇಲೆ ಅವನನ್ನು ಯಾರೂ ಬೈಯಲಿಲ್ಲ. ಅದೇ ಅವನಿಗೆ ತಡೆಯಲಾಗಲಿಲ್ಲ. ನನ್ನಿಂದಲೇ ಸೋತದ್ದು, ಯಾಕೆ ಯಾರೂ ಬೈಯಲ್ಲ ಅಂತ ಹಿಂದೆ ನಿಂತು ಬಾಲ್ ಎತ್ತುವ ಲಿಬೆರೊ ನಿಶಿನೋಯಾ ಮೇಲೆ ರೇಗಿದ. ನಿಶಿನೋಯಾಗೆ ಕೋಪ ಬಂದದ್ದು ಸೋಲಿಗಲ್ಲ. ನಾನು ಅಷ್ಟು ಕಷ್ಟಪಟ್ಟು ಎತ್ತಿದ ಬಾಲನ್ನು ನೀನೊಬ್ಬನೇ ಹೇಗೆ ಬೇಡ ಅಂದೆ ಅನ್ನೋದು ಅವನ ಜಗಳ. ಆಮೇಲೆ ಅಸಾಹಿ ಟೀಮಿನ ಕಡೆ ಬರುವುದನ್ನೇ ಬಿಟ್ಟ. ಆ ಗಲಾಟೆಯಲ್ಲಿ ವೈಸ್ ಪ್ರಿನ್ಸಿಪಾಲರ ಹೂದಾನಿ ಒಡೆದು, ನಿಶಿನೋಯಾನನ್ನೂ ತಿಂಗಳ ಮಟ್ಟಿಗೆ ಆಟದಿಂದ ದೂರ ಇಟ್ಟರು.

ಆ ಸಮಯದಲ್ಲಿ ನಿಶಿನೋಯಾ ಮಾಡಿದ್ದನ್ನು ಗಮನಿಸಿದೆಯಾ? ಬ್ಲಾಕ್‌ಗೆ ಬಡಿದು ವಾಪಸ್ ಬೀಳುವ ಬಾಲನ್ನು ಎತ್ತುವುದನ್ನೇ ಅಭ್ಯಾಸ ಮಾಡಿದ. ಸ್ಮ್ಯಾಷ್ ಹೊಡೆಯೋದು ಅವನ ಕೆಲಸ ಅಲ್ಲ. ಹೊಡೆದವನ ಬಾಲ್ ಕೆಳಗೆ ಬೀಳದ ಹಾಗೆ ನೋಡಿಕೊಳ್ಳೋದು ಅವನ ಕೆಲಸ. ಅದನ್ನೇ ಕಲಿತ. ಊರಿನ ಹಳೇ ಆಟಗಾರರ ಜೊತೆ ಪ್ರಾಕ್ಟೀಸ್ ಮ್ಯಾಚ್ ನಡೆದಾಗ ಅಸಾಹಿಯನ್ನು ಎಳೆದು ತಂದು ಆಡಿಸುತ್ತಾರೆ. ಅವನು ಹೊಡೆಯುತ್ತಾನೆ, ಮತ್ತೆ ಬ್ಲಾಕ್. ನೆಲಕ್ಕೆ ತಾಗಬೇಕು ಅನ್ನುವಷ್ಟರಲ್ಲಿ ನಿಶಿನೋಯಾ ಕೈ ತೂರಿಸಿ ಬಾಲನ್ನು ಮೇಲೆ ಎಬ್ಬಿಸುತ್ತಾನೆ. ಆಗ ಅಸಾಹಿ ಗಂಟಲು ಹರಿಯುವ ಹಾಗೆ ಕೂಗಿ, ಹೊಡೆಯುವವರಿಗೆ ಬಾಲ್ ಎತ್ತಿಕೊಡುವ ಸೆಟ್ಟರ್ ಸುಗಾ ಹತ್ತಿರ ಇನ್ನೊಂದು ಬಾಲ್ ಕೇಳುತ್ತಾನೆ. ಅಲ್ಲಿ ನನಗೆ ಅಳು ಬಂತು. ನೀನೂ ನೋಡಿದೆ, ಏನೂ ಅನ್ನಲಿಲ್ಲ.

ನಿನ್ನ ಹಿಂದೆ ನಿಂತು ಪಾಸ್ ಎತ್ತುವ ಆ ಎಂಟನೇ ಕ್ಲಾಸಿನ ಹುಡುಗಿ ಇದ್ದಾಳಲ್ಲ, ಅವಳ ಮೊಣಕೈ ಪೂರ್ತಿ ತರಚಿಹೋಗಿದೆ ಅಂತ ನೀನೇ ಹೇಳಿದೆ. ಅವಳು ಯಾರಿಗೋಸ್ಕರ ಮಣ್ಣಿನ ಗ್ರೌಂಡಿನಲ್ಲಿ ಹಾಗೆ ಬೀಳುತ್ತಿದ್ದಾಳೆ ಅಂತ ಯೋಚನೆ ಮಾಡು.

ಇನ್ನೊಂದು ಸೋಲು, ಜೂನ್ ತಿಂಗಳಿನದು. ಆವೊಬಾ ಜೋಸೈ ಶಾಲೆ ಎದುರು ಮೂರನೇ ಸೆಟ್ 33-31. ಕೊನೆ ಬಾಲನ್ನು ಕರಾಸುನೊದ ಇನ್ನೊಬ್ಬ ಸೆಟ್ಟರ್ ಕಗೆಯಾಮಾ ಹಿನಾತಾಗೇ ಕೊಡುತ್ತಾನೆ ಅಂತ ಎದುರಿನ ಸೆಟ್ಟರ್ ಒಯಿಕಾವಾ ಮೊದಲೇ ಓದಿಬಿಟ್ಟಿದ್ದ. ಮೂರು ಜನ ಒಟ್ಟಿಗೆ ಎದ್ದು ಬ್ಲಾಕ್ ಮಾಡಿದರು. ಕಗೆಯಾಮಾ ಸಾರಿ ಅಂದ. ಹಿನಾತಾಗೆ ಉರಿದುಹೋಯಿತು. ತನಗೆ ಬಾಲ್ ಕೊಟ್ಟದ್ದೇ ತಪ್ಪು ಅನ್ನುವ ಹಾಗೆ ಮಾತಾಡಬೇಡ ಅಂತ ಜಗಳಕ್ಕೇ ನಿಂತ. ಸೋತ ಮರುಗಳಿಗೆಯಲ್ಲೂ ಆ ಹುಡುಗನಿಗೆ ಬಾಲ್ ತನಗೇ ಬೇಕು! ಅಸಾಹಿಗೆ ತಿಂಗಳುಗಟ್ಟಲೆ ಹಿಡಿದದ್ದು ಇವನಿಗೆ ಹುಟ್ಟಿನಿಂದ ಬಂದಿದೆ. ನೀನು ಅಸಾಹಿ ಜಾತಿಯವಳು, ಸ್ವಲ್ಪ ಟೈಮ್ ಬೇಕು. ಪರವಾಗಿಲ್ಲ.

ಆ ಸಂಜೆ ಕೋಚ್ ಉಕಾಯಿ ಭಾಷಣ ಮಾಡಲಿಲ್ಲ. ಹುಡುಗರನ್ನು ಒಂದು ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದ. ಓಡಿ ಹಾರಿ ಮೈಯ ಮಾಂಸಖಂಡವೆಲ್ಲ ಹರಿದಿದೆ, ತಿಂದರೇ ಅದು ಕೂಡಿಕೊಳ್ಳೋದು, ತಿನ್ನಿ ಅಂದ. ಮೊದಲು ಯಾರೂ ಕೈ ಹಾಕಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿ ತುಂಬ ಅನ್ನ ತುಂಬಿಕೊಂಡು ಅಳೋಕೆ ಶುರು ಮಾಡಿದರು. ಯಾರೂ ಯಾರಿಗೂ ಸಮಾಧಾನ ಹೇಳಲಿಲ್ಲ, ಅಗಿಯುತ್ತಲೇ ಇದ್ದರು. ಸೋತ ಮಕ್ಕಳನ್ನು ಇಷ್ಟು ಚೆನ್ನಾಗಿ ನೋಡಿಕೊಂಡದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ಸೀನಿಯರ್‌ಗಳಿಗೂ ಓದಿನ ಚಿಂತೆ ಇತ್ತು. ಕೊನೇ ವರ್ಷ. ಆದರೂ ಕ್ಯಾಪ್ಟನ್ ದಾಯಿಚಿ, ಸುಗಾ, ಅಸಾಹಿ ಮೂವರೂ ಉಳಿದರು. ನಿಮ್ಮ ಕ್ಯಾಪ್ಟನ್‌ಗೆ ಎಸ್ಸೆಸ್ಸೆಲ್ಸಿ ಇದೆ, ಅವಳು ಬಿಟ್ಟರೆ ಯಾರೂ ತಪ್ಪು ತಿಳಿಯಬಾರದು. ಅವಳನ್ನು ಒತ್ತಾಯ ಮಾಡಬೇಡಿ. ನೀನು ಒಂಬತ್ತನೇ ಕ್ಲಾಸು, ನಿನಗೆ ಇನ್ನೂ ಒಂದು ವರ್ಷ ಇದೆ.

ಮುಂದೆ ಕರಾಸುನೊ ಅದೇ ಆವೊಬಾ ಜೋಸೈಯನ್ನು ಸೋಲಿಸಿತು, ಶಿರತೊರಿಜಾವಾ ಶಾಲೆಯನ್ನೂ ಸೋಲಿಸಿ ರಾಷ್ಟ್ರಮಟ್ಟಕ್ಕೆ ಹೋಯಿತು. ಅಲ್ಲಿ ಹಿನಾತಾಗೆ ಮ್ಯಾಚ್ ನಡುವೆಯೇ ಜ್ವರ ಬಂತು, ಟೀಮ್ ಮತ್ತೆ ಸೋತಿತು. ಇದನ್ನು ನಿನಗೆ ಯಾಕೆ ಹೇಳುತ್ತೇನೆ ಅಂದರೆ, ಮುಂದಿನ ವರ್ಷ ಗೆಲ್ಲುತ್ತೀಯ ಅಂತ ನಾನು ಮಾತು ಕೊಡಲ್ಲ. ಸುಮ್ನೆ ಹಾಗೆ ಹೇಳೋದು ನಿನಗೆ ಮೋಸ ಮಾಡಿದ ಹಾಗೆ.

ಸೋಮವಾರ ಪ್ರಾಕ್ಟೀಸಿಗೆ ಹೋಗು. ಹೊಡೆಯೋದು ಆಮೇಲೆ ನೋಡಿಕೊಳ್ಳೋಣ. ಸೆಟ್ಟರ್ ಹೆಸರು ಹಿಡಿದು ಜೋರಾಗಿ ಕೂಗಿ ಒಂದು ಬಾಲ್ ಕೇಳು. ಬ್ಲಾಕ್ ಆದರೆ ಇನ್ನೊಂದು ಕೇಳು. ಪಿ.ಟಿ. ಸರ್ ಒಪ್ಪಿದರೆ, ಬ್ಲಾಕ್ ಆದ ಬಾಲ್ ಎತ್ತುವ ಅಭ್ಯಾಸವನ್ನು ದಿನಾ ಸ್ವಲ್ಪ ಹೊತ್ತು ಇಡೋಕೆ ಹೇಳು. ನಿಮ್ಮ ಟೀಮಿಗೆ ಅದು ತುಂಬಾ ಬೇಕು ಅಂತ ಮ್ಯಾಚ್ ನೋಡುವಾಗಲೇ ನನಗೆ ಅನ್ನಿಸಿತು.

ಭಾನುವಾರ ಅಪ್ಪ ನಾನು ಇಬ್ಬರೂ ಬರುತ್ತೇವೆ. ಪುಳಿಯೋಗರೆ, ಮೊಸರನ್ನ, ಕೋಡುಬಳೆ ಮಾಡಿಕೊಂಡು ಬರುತ್ತೇನೆ, ಇಡೀ ಟೀಮಿಗೆ. ಎಷ್ಟು ಜನ ಅಂತ ಶುಕ್ರವಾರದೊಳಗೆ ಹೇಳು. ಆ ಪಾಸ್ ಎತ್ತುವ ಹುಡುಗಿಗೆ ಮೊಣಕೈಗೆ ಹಾಕುವ ಪ್ಯಾಡ್ ತರುತ್ತೇನೆ, ಅಳತೆ ಕೇಳಿಡು.

ನಿನ್ನ,
ಅಮ್ಮ