ಭೂತಾನ್ ಪ್ರವಾಸ: ಸಲಿಂಗಿ ಜೋಡಿಗಳನ್ನು ಹೆದರಿಸಿ ವಾಪಸ್ ಕಳಿಸಬೇಡಿ

ಮಾನ್ಯ ಸಂಪಾದಕರೇ,

ದಸರಾ, ದೀಪಾವಳಿ ರಜೆ ಬಂತೆಂದರೆ ಮುಂಬಯಿಯ ಪ್ರವಾಸ ಸಂಸ್ಥೆಗಳು ಭೂತಾನ್ ಪ್ಯಾಕೇಜುಗಳ ಜಾಹೀರಾತು ಹಾಕುತ್ತವೆ. ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮ ಕನ್ನಡಿಗರೇ ನಡೆಸುವವೂ ಇದರಲ್ಲಿವೆ. ಇಬ್ಬರು ಗಂಡಸರೋ ಇಬ್ಬರು ಹೆಂಗಸರೋ ಜೋಡಿಯಾಗಿ ಹೋಗಲು ವಿಚಾರಿಸಿದರೆ ‘ಅಲ್ಲಿ ಅದು ಅಪರಾಧ, ರಿಸ್ಕ್ ಬೇಡ’ ಎಂಬ ಉತ್ತರ ಈಗಲೂ ಸಿಗುತ್ತದೆ. ಈ ಮಾಹಿತಿ ಹಳತಾಗಿ ವರ್ಷಗಳೇ ಕಳೆದಿವೆ.

ಭೂತಾನಿನ 2004ರ ದಂಡಸಂಹಿತೆ ‘ಪ್ರಕೃತಿ ವಿರುದ್ಧ’ ಲೈಂಗಿಕ ಕ್ರಿಯೆಗೆ ಒಂದು ವರ್ಷದೊಳಗಿನ ಜೈಲು ಹೇಳುತ್ತಿತ್ತು. 2020ರ ಡಿಸೆಂಬರ್ 10ರಂದು ಸಂಸತ್ತಿನ ಜಂಟಿ ಅಧಿವೇಶನದಲ್ಲಿ 69 ಸದಸ್ಯರ ಪೈಕಿ 63 ಮಂದಿ ತಿದ್ದುಪಡಿಯ ಪರ ಮತ ಹಾಕಿದರು. 2021ರ ಫೆಬ್ರುವರಿಯಲ್ಲಿ ದೊರೆಯ ಅಂಕಿತ ಬಿತ್ತು. ವಯಸ್ಕರ ನಡುವಿನ ಸಲಿಂಗ ಸಂಬಂಧ ಪ್ರಕೃತಿ ವಿರುದ್ಧವಲ್ಲ ಎಂದು ಈಗ ಅಲ್ಲಿನ ಕಾನೂನೇ ಹೇಳುತ್ತದೆ. ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಮಾಡಬೇಕಾಗಿ ಬಂದ ಕೆಲಸವನ್ನು ಅಲ್ಲಿ ಸಂಸತ್ತೇ ಮಾಡಿತು. ಅದು ಮೆಚ್ಚಬೇಕಾದ ಮಾತು. ಸಲಿಂಗ ವಿವಾಹಕ್ಕೆ ಮಾತ್ರ ಅಲ್ಲೂ ಮಾನ್ಯತೆಯಿಲ್ಲ, ಇಲ್ಲೂ ಇಲ್ಲ.

ಇನ್ನು ಕಾಗದಪತ್ರ. ಭಾರತೀಯರಿಗೆ ವೀಸಾ ಬೇಡ, ಪ್ರವೇಶ ಪರವಾನಗಿ ಬೇಕು. ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲವೇ ಮತದಾರರ ಗುರುತಿನ ಚೀಟಿ ತೋರಿಸಬೇಕು. ಆಧಾರ್ ನಡೆಯುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಪರವಾನಗಿ ಒಬ್ಬೊಬ್ಬರಿಗೆ ಬೇರೆ ಬೇರೆ, ಆದ್ದರಿಂದ ಮದುವೆಯ ದಾಖಲೆಯ ಪ್ರಶ್ನೆಯೇ ಏಳುವುದಿಲ್ಲ. ಪ್ರವಾಸಿಗರಿಂದ ಭೂತಾನ್ ಸರ್ಕಾರ ವಸೂಲಿ ಮಾಡುವ ‘ಸುಸ್ಥಿರ ಅಭಿವೃದ್ಧಿ ಶುಲ್ಕ’ ಭಾರತೀಯ ವಯಸ್ಕರಿಗೆ ತಲಾ ರಾತ್ರಿಗೆ 1,200 ರೂಪಾಯಿ. ಇಬ್ಬರಿಗೆ ಆರು ರಾತ್ರಿಗೆ 14,400. ಜೋಡಿಯಲ್ಲಿ ಒಬ್ಬರು ವಿದೇಶಿ ಪಾಸ್‌ಪೋರ್ಟಿನವರಾಗಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅವರಿಗೆ ವೀಸಾ ಬೇಕು, ಶುಲ್ಕ ರಾತ್ರಿಗೆ 100 ಡಾಲರ್. ಬಜೆಟ್ ತಲೆಕೆಳಗಾಗುವುದು ಇಂಥ ಕಡೆ.

ಟ್ರಾನ್ಸ್‌ಜೆಂಡರ್ ಪ್ರಯಾಣಿಕರಿಗೆ ತೊಡಕು ಬರುವುದು ಹೆಸರಿನಲ್ಲಿ. ಟಿಕೆಟ್, ಹೋಟೆಲ್, ಪರವಾನಗಿ ಮೂರರಲ್ಲೂ ಗುರುತಿನ ಚೀಟಿಯಲ್ಲಿರುವ ಹೆಸರೇ ಅಕ್ಷರ ತಪ್ಪದೆ ಇರಬೇಕು. ಹೆಸರು ಬದಲಿಸಿಕೊಂಡಿದ್ದರೆ ಮೊದಲು ಚೀಟಿ ತಿದ್ದಿಸಿ, ಆಮೇಲೆ ಟಿಕೆಟ್ ತೆಗೆಯಿರಿ. ಹಾರ್ಮೋನ್ ಮಾತ್ರೆಗಳನ್ನೂ ಎಚ್‌ಐವಿ ಔಷಧಗಳನ್ನೂ ವೈದ್ಯರ ಚೀಟಿ ಸಮೇತ, ನಾಲ್ಕು ದಿನದ್ದು ಹೆಚ್ಚೇ ಇಟ್ಟುಕೊಂಡು, ಕೈಚೀಲದಲ್ಲಿ ಒಯ್ಯುವುದು ಒಳ್ಳೆಯದು.

ಔಷಧ ಹೆಚ್ಚು ದಿನಕ್ಕೆ ಇಟ್ಟುಕೊಳ್ಳಬೇಕಾದ ಕಾರಣ ಭೂತಾನಿನ ಪಾರೊ ವಿಮಾನ ನಿಲ್ದಾಣ. ಸುತ್ತ ಬೆಟ್ಟಗಳು; ಪೈಲಟ್ ಕಣ್ಣಳತೆಯಲ್ಲಿ, ಹಗಲಿನಲ್ಲೇ ಇಳಿಸಬೇಕು. ಮೋಡ ಕವಿದರೆ, ಗಾಳಿ ಎದ್ದರೆ ವಿಮಾನ ತಡವಾಗುತ್ತದೆ ಅಥವಾ ರದ್ದಾಗುತ್ತದೆ. ವಾಪಸ್ಸಿಗೆ ಕೋಲ್ಕತ್ತಾ–ಮುಂಬಯಿ ಟಿಕೆಟ್ ಬೇರೆಯಾಗಿ ತೆಗೆದಿದ್ದರೆ ಅದನ್ನು ಮರುದಿನಕ್ಕೇ ಇಡಿ. ರಸ್ತೆಯಲ್ಲಿ ಹೋಗುವವರು ಉತ್ತರ ಬಂಗಾಳದ ಬಾಗ್ಡೋಗ್ರಾ ವಿಮಾನ ನಿಲ್ದಾಣದಲ್ಲಿ ಇಳಿದು ಜೈಗಾಂವ್–ಫುಂಟ್‌ಶೋಲಿಂಗ್ ಗಡಿಯ ಮೂಲಕ ಹೋಗಬಹುದು, ಆದರೆ ಮಳೆಗಾಲದಲ್ಲಿ ಆ ದಾರಿಯಲ್ಲಿ ಗುಡ್ಡ ಕುಸಿಯುತ್ತದೆ. ಪಾರೊ ಬಳಿ ಬೆಟ್ಟದ ಬಂಡೆಗೆ ಅಂಟಿಕೊಂಡಂತಿರುವ ತಕ್‌ತ್ಸಾಂಗ್ ಮಠ 3,120 ಮೀಟರ್ ಎತ್ತರದಲ್ಲಿದೆ. ಸಮುದ್ರದ ಮಟ್ಟದಲ್ಲಿ ಬದುಕುವ ಮುಂಬಯಿಗರು ಅದನ್ನು ಮೊದಲ ದಿನವೇ ಹತ್ತಲು ಹೋಗಿ ತಲೆಸುತ್ತು, ವಾಂತಿಯಿಂದ ಮಲಗುತ್ತಾರೆ. ಕೊನೆಯ ದಿನಗಳಿಗೆ ಇಟ್ಟುಕೊಂಡರೆ ಮೈ ಎತ್ತರಕ್ಕೆ ಒಗ್ಗಿರುತ್ತದೆ. ಪ್ರಯಾಣ ವಿಮೆಯಲ್ಲಿ ಸಂಗಾತಿಯ ಹೆಸರು ನಾಮಿನಿಯಾಗಿರಲಿ. ತುರ್ತಿನಲ್ಲಿ ಸಂಪರ್ಕಿಸಬೇಕಾದವರು ಇವರೇ ಎಂದು ಸಹಿ ಮಾಡಿದ ಪತ್ರವೊಂದು ಇಬ್ಬರ ಬಳಿಯೂ ಇರಲಿ, ಏಕೆಂದರೆ ಆಸ್ಪತ್ರೆಯವರು ಮೊದಲು ಕೇಳುವುದು ‘ರೋಗಿಗೆ ನೀವೇನಾಗಬೇಕು?’ ಎಂದು.

ನಡವಳಿಕೆಯ ಬಗ್ಗೆ ಎರಡು ಮಾತು. ಗೆಳೆಯರು ಕೈ ಹಿಡಿದು ನಡೆದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ನಮ್ಮ ಹಳ್ಳಿಗಳಂತೆಯೇ. ರಸ್ತೆಯಲ್ಲಿ ಮುತ್ತಿಡುವುದನ್ನು ಮಾತ್ರ ಗಂಡು-ಹೆಣ್ಣು ಜೋಡಿಯಿಂದಲೂ ಸಹಿಸರು. ಕೋಟೆ-ಮಠಗಳಾದ ಜೋಂಗ್‌ಗಳಿಗೆ ಹೋಗುವಾಗ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಬೇಕು, ಟೋಪಿ ಕೂಡದು. ಗರ್ಭಗುಡಿಯಲ್ಲಿ ಫೋಟೊ ನಿಷಿದ್ಧ. ಪುನಾಖಾ ಬಳಿಯ ಚಿಮಿ ಲಾಖಾಂಗ್ ಗುಡಿಯ ಸುತ್ತಮುತ್ತ ಮನೆಗೋಡೆಗಳ ಮೇಲೆ ಬರೆದ ಶಿಶ್ನದ ಚಿತ್ರಗಳನ್ನು ಕಂಡು ಇದು ಎಲ್ಲಕ್ಕೂ ಒಪ್ಪಿಗೆಯ ನಾಡು ಎಂದುಕೊಳ್ಳುವವರಿದ್ದಾರೆ. ಅವು ದೃಷ್ಟಿ ತಾಗದಿರಲೆಂದು, ಸಂತಾನವಾಗಲೆಂದು, ದ್ರುಕ್ಪಾ ಕುನ್ಲೆ ಎಂಬ ಸಂತನ ನೆನಪಿನಲ್ಲಿ ಬರೆದವು. ಅಲ್ಲಿ ಹುಡುಗಾಟ ಮಾಡಿದರೆ ಜನರ ಭಕ್ತಿಗೆ ನೋವಾಗುತ್ತದೆ.

ಕಡೆಯದಾಗಿ ಕೋಣೆ. ಇಬ್ಬರು ಗಂಡಸರ ಹೆಸರು ಕಂಡರೆ ಬುಕಿಂಗಿನವರು ತಾವಾಗಿಯೇ ಎರಡು ಬೇರೆ ಮಂಚ ಎಂದು ಬರೆದುಬಿಡುತ್ತಾರೆ. ಇನ್ನು ಕೆಲವರು ‘ದಂಪತಿ ದರ’ ವಿವಾಹಿತರಿಗೆ ಮಾತ್ರ ಎಂದು ಇಬ್ಬರಿಂದಲೂ ಒಂಟಿ ಕೋಣೆಯ ಹಣ ಕೀಳುತ್ತಾರೆ. ಹೋಟೆಲಿಗೆ ಕೊಡುವುದು ಒಂದೇ ಕೋಣೆಯ ಬಾಡಿಗೆಯಾದ್ದರಿಂದ ಇದು ಶುದ್ಧ ಅನ್ಯಾಯ. ಸಂಸ್ಥೆಯವರು ಅರ್ಜಿಯಲ್ಲಿ ‘ದಂಪತಿ’ ಎನ್ನುವ ಬದಲು ‘ಇಬ್ಬರಿಗೆ ಒಂದು ಕೋಣೆ’ ಎಂದು ಬರೆದು, ಕೆಳಗೆ ‘ಒಂದೇ ಮಂಚ / ಎರಡು ಮಂಚ’ ಎಂಬ ಎರಡು ಚೌಕ ಇಡಲಿ. ಪ್ರಯಾಣಿಕರು ಯಾರಿಗೂ ಏನೂ ವಿವರಿಸದೆ ಗುರುತು ಹಾಕಿ ಕೊಡುತ್ತಾರೆ.

ಓದುಗ, ಡೊಂಬಿವಲಿ (ಪೂರ್ವ)