ಹೊಸ ಸರ್ವರ್ ಕೊಳ್ಳುವ ಮೊದಲು ಲಾಕ್ ಪಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಉಡುಪಿ, ಮಣಿಪಾಲ, ಮಂಗಳೂರು ಕಡೆ ಯಾವ ಕೌಂಟರಿನ ಮುಂದೆ ನಿಂತರೂ ‘ಸರ್ವರ್ ಸ್ಲೋ ಉಂಟು, ಸ್ವಲ್ಪ ಕೂತ್ಕೊಳ್ಳಿ’ ಎಂಬ ಮಾತು ಕೇಳುತ್ತದೆ. ನಾನು ಹನ್ನೊಂದು ವರ್ಷದಿಂದ ಇಲ್ಲಿನ ಒಂದು ಆಸ್ಪತ್ರೆಯ ಸರ್ವರ್ ರೂಮ್ ನೋಡಿಕೊಳ್ಳುವವಳು. ಆ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ಹಳೇ ರಿಪೋರ್ಟ್ ತೆರೆಯುವುದೇ ಕಷ್ಟವಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ತಾನಾಗಿಯೇ ಸರಿಯಾಗುತ್ತಿತ್ತು. ಒಂದು ದಿನ ಕೌಂಟರಿನ ಹಿಂದೆ ನಿಂತು ಗಡಿಯಾರ ನೋಡಿದೆ. ಬೈಂದೂರಿನಿಂದ ಮೊದಲ ಬಸ್ಸಿಗೆ ಬಂದ ಅಜ್ಜಿಯೊಬ್ಬರು ಟೋಕನ್ ಚೀಟಿ ಒದ್ದೆಯಾಗದಂತೆ ಸೆರಗಿನ ತುದಿಯಲ್ಲಿ ಸುತ್ತಿ ಹಿಡಿದಿದ್ದರು. ಅವರ ಒಂದು ರಿಪೋರ್ಟ್ ಪರದೆಗೆ ಬರಲು 22 ಸೆಕೆಂಡ್ ಹಿಡಿಯಿತು. ಡಾಕ್ಟರಿಗೆ ಬೇಕಿದ್ದದ್ದು ಆರು ರಿಪೋರ್ಟ್.

ರ್‍ಯಾಮ್ (ಸರ್ವರಿನ ಮೆಮೊರಿ) ಸಾಲದು, ಜಾಸ್ತಿ ಹಾಕಿ ಎಂದರು ಎಲ್ಲರೂ. ಹಾಕಿದೆವು. ಮರುವಾರ ಇನ್ನೂ ನಿಧಾನವಾಯಿತು!

ನಮ್ಮಲ್ಲಿ ನಾಲ್ಕು ಸರ್ವರ್‌ಗಳು ಒಂದೇ ಡಿಸ್ಕನ್ನು ಹಂಚಿಕೊಂಡಿವೆ. ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಂ, ಜಿಎಫ್‌ಎಸ್2, 2006ರಲ್ಲೇ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಸೇರಿದ್ದು. ಇಬ್ಬರು ಒಟ್ಟಿಗೆ ತಿದ್ದಿ ಫೈಲ್ ಕೆಡಿಸಬಾರದಲ್ವಾ, ಅದಕ್ಕೆ ಪ್ರತಿ ಫೈಲಿಗೂ ಲಾಕ್ ಉಂಟು. ಸುಮ್ನೆ ಓದುವುದಾದರೆ ನಾಲ್ಕೂ ಸರ್ವರ್ ಲಾಕ್ ಹಿಡಿದುಕೊಂಡಿರಬಹುದು. ಒಂದು ಸರ್ವರ್ ಬರೆಯಬೇಕಾದರೆ ಉಳಿದವು ಬಿಟ್ಟುಕೊಡಬೇಕು. ನಮ್ಮ ಸಾಫ್ಟ್‌ವೇರ್ ರಿಪೋರ್ಟ್ ತೆರೆದಾಗಲೆಲ್ಲ ಆ ರೋಗಿಯ ಫೋಲ್ಡರಿನಲ್ಲಿ ‘ಇಂಥವರು ನೋಡಿದರು’ ಎಂದು ಬರೆದಿಡುತ್ತದೆ. ಹಾಗಾಗಿ ಬರೀ ನೋಡುವುದಕ್ಕೂ ಉಳಿದ ಸರ್ವರ್ ಲಾಕ್ ಬಿಡುವವರೆಗೆ ಕಾಯಬೇಕು.

ರಾತ್ರಿ ಬ್ಯಾಕಪ್ ಒಂದೇ ಸರ್ವರಿನಿಂದ ನಡೆಯುತ್ತಿತ್ತು. ಅದು ಲಕ್ಷಗಟ್ಟಲೆ ಫೈಲ್ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು, ಜೊತೆಗೆ ಅವುಗಳ ಲಾಕನ್ನೂ. ಸೊಸೈಟಿಯ ಗುಮಾಸ್ತ ರಾತ್ರಿ ಅಷ್ಟೂ ಲೆಡ್ಜರನ್ನು ತನ್ನ ಮೇಜಿಗೆ ತಂದು, ನೋಡಿ ಮುಗಿದ ಮೇಲೂ ಕಪಾಟಿಗೆ ಇಡದೆ ಮನೆಗೆ ಹೋದ ಹಾಗೆ. ಬೆಳಿಗ್ಗೆ ಬಂದವರು ಒಂದೊಂದು ಲೆಡ್ಜರಿಗೂ ಆ ಮೇಜಿನವರೆಗೆ ಹೋಗಬೇಕು. ನಾವು ಹೊಸ ರ್‍ಯಾಮ್ ಹಾಕಿ ಮಾಡಿದ್ದೇನು? ಅವನ ಮೇಜನ್ನು ಇನ್ನೂ ದೊಡ್ಡದು ಮಾಡಿಕೊಟ್ಟೆವು.

ಇದು ತಿಳಿದದ್ದು ಲಾಕ್ ಪಟ್ಟಿ ತೆಗೆದು ನೋಡಿದ ಮೇಲೆ. ಅದರಲ್ಲಿ ಡಬ್ಲ್ಯೂ ಗುರುತು ಇರುವ ಸಾಲು ಎಂದರೆ ಅಲ್ಲಿ ಯಾರೋ ಕಾಯುತ್ತಿದ್ದಾರೆ ಎಂದರ್ಥ. ಎಂಟೂಕಾಲಿಗೆ ತೆಗೆದ ಪಟ್ಟಿಯಲ್ಲಿ ಪುಟಗಟ್ಟಲೆ ಡಬ್ಲ್ಯೂ ಇದ್ದವು.

ಬ್ಯಾಕಪ್ ಸ್ಕ್ರಿಪ್ಟಿನ ಕೊನೆಗೆ ಎರಡು ಸಾಲು ಸೇರಿಸಿದೆ. ಮೊದಲು ಸಿಂಕ್, ಅಂದರೆ ಮೆಮೊರಿಯಲ್ಲಿ ಉಳಿದ ಬರಹವನ್ನು ಡಿಸ್ಕಿಗೆ ಇಳಿಸುವುದು. ಆಮೇಲೆ ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನು ಬಿಡಿಸುವ ಸೆಟ್ಟಿಂಗ್ ಆದ ಡ್ರಾಪ್ ಕ್ಯಾಷಸ್‌ಗೆ 3 ಎಂದು ಬರೆಯುವುದು. ಮೆಮೊರಿ ಖಾಲಿಯಾದಂತೆ ಲಾಕ್‌ಗಳೂ ಬಿಟ್ಟುಹೋಗುತ್ತವೆ. (ಇದನ್ನು ಹಗಲು ಹೊತ್ತು ಮಾಡಬೇಡಿ. ಎಲ್ಲವನ್ನೂ ಮತ್ತೆ ಡಿಸ್ಕಿನಿಂದ ಓದಬೇಕಾಗುತ್ತದೆ.) ಆಮೇಲೆ ಬ್ಯಾಕಪ್ಪನ್ನೇ ಹಂಚಿದೆವು, ಯಾವ ಸರ್ವರ್ ಯಾವ ವಿಭಾಗದ ಫೈಲ್ ಬಳಸುತ್ತದೋ ಅದೇ ಅದರ ಬ್ಯಾಕಪ್ ತೆಗೆಯುವ ಹಾಗೆ. ಡಿಸ್ಕನ್ನು ಸರ್ವರಿಗೆ ಜೋಡಿಸುವಾಗ (ಮೌಂಟ್) ನೋಎಟೈಮ್ ಎಂಬ ಆಯ್ಕೆ ಕೊಟ್ಟೆವು, ಬರೀ ಓದಿದ್ದಕ್ಕೆ ಸಮಯ ಬರೆದಿಡುವ ಕೆಲಸ ತಪ್ಪಿತು. ಮೆಮೊರಿಯಲ್ಲಿ ಇಟ್ಟುಕೊಂಡದ್ದನ್ನು ಎಷ್ಟು ಬೇಗ ಬಿಡಬೇಕು ಎಂದು ಹೇಳುವ ಕ್ಯಾಶ್ ಪ್ರೆಶರನ್ನು 100ರಿಂದ ಏರಿಸಿಯೂ ನೋಡಿದೆ. ವ್ಯತ್ಯಾಸ ಕಾಣಲಿಲ್ಲ, ವಾಪಸ್ ಇಟ್ಟೆ. ಈಗ ಬೆಳಿಗ್ಗೆ ಎಂಟಕ್ಕೂ ಒಂದು ರಿಪೋರ್ಟ್ ಎರಡು ಸೆಕೆಂಡಿನಲ್ಲಿ ತೆರೆಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ಮೂರು ವಾರ ಕೂತು ನೋಡುವ ಸಮಯ ಬೇಕಾಯಿತು, ಅಷ್ಟೇ. ಆ ಸಮಯ ಕೇಳಿ ಪಡೆಯಲು ಮಾತ್ರ ಎರಡು ತಿಂಗಳು ಹಿಡಿಯಿತು.

ಆಸ್ಪತ್ರೆ, ಬ್ಯಾಂಕ್, ಕಾಲೇಜು ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಯಂತ್ರದ ಟೆಂಡರಿನಲ್ಲಿ, ಅದನ್ನು ಅಳೆದು ಹೊಂದಿಸುವ ಜನರ ದಿನಗಳಿಗೂ ಒಂದು ಸಾಲು ಇರಲಿ. ಇಂಜಿನಿಯರಿಂಗ್ ಕಾಲೇಜುಗಳು ಮೂಲೆಗೆ ಹಾಕಿದ ಮೂರು ಹಳೇ ಕಂಪ್ಯೂಟರ್ ಜೋಡಿಸಿ ಮಕ್ಕಳಿಂದ ಇಂಥದೇ ಒಂದು ಕ್ಲಸ್ಟರ್ (ಒಂದೇ ಡಿಸ್ಕ್ ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪು) ಕಟ್ಟಿಸಲಿ. ಲಾಕ್ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅವರು ಕಣ್ಣಾರೆ ನೋಡಲಿ. ನಮ್ಮ ಸ್ಕ್ರಿಪ್ಟಿನ ಪ್ರತಿ ಸಾಲಿಗೂ ಕನ್ನಡದಲ್ಲಿ ವಿವರಣೆ ಬರೆದಿಟ್ಟಿದ್ದೇನೆ. ಜಿಲ್ಲೆಯ ಯಾವ ಸಂಸ್ಥೆ ಕೇಳಿದರೂ ಕೊಡುತ್ತೇನೆ.

ಇತಿ,
ಒಬ್ಬ ಸಿಸ್ಟಂ ಅಡ್ಮಿನ್,
ಕುಂಜಿಬೆಟ್ಟು, ಉಡುಪಿ