ಕೆಟ್ಟ ಕ್ಯಾಮೆರಾವನ್ನು ಕೆಟ್ಟದ್ದು ಅಂತಲೇ ಹೇಳಿ ಮಾರಿ

ಮಾನ್ಯ ಸಂಪಾದಕರೇ,

ಈಗಿನ ಹುಡುಗ ಹುಡುಗಿಯರು ಮತ್ತೆ ಫಿಲ್ಮ್ ರೋಲ್ ಹಾಕುವ ಕ್ಯಾಮೆರಾ ಹಿಡಿಯುತ್ತಿದ್ದಾರೆ ಎಂಬ ಲೇಖನವನ್ನು ನಿಮ್ಮ ಭಾನುವಾರದ ಪುರವಣಿಯಲ್ಲಿ ಓದಿದೆ. ಖುಷಿಯಾಯಿತು. ಅದರಲ್ಲಿ ಒಂದು ಸಲಹೆ ಇತ್ತು. ಹಳೆಯ ಕ್ಯಾಮೆರಾ ಎಲ್ಲರ ಮನೆಯ ಅಟ್ಟದಲ್ಲೂ ಬಿದ್ದಿರುತ್ತದೆ, ಕಡಿಮೆ ದುಡ್ಡಿಗೆ ಕೊಂಡು ಶುರು ಮಾಡಿ ಅಂತ. ಕೊಳ್ಳುವವರಿಗೆ ಹೇಳಿದ್ದಾಯಿತು. ಮಾರುವವರ ಕಡೆಯಿಂದ ನಾನು ನಾಲ್ಕು ಮಾತು ಹೇಳುತ್ತೇನೆ.

ನಾನು ಶಿರಸಿಯವಳು. ನಮ್ಮಣ್ಣ ಇಲ್ಲಿ ಸ್ಟುಡಿಯೊ ಇಟ್ಟಿದ್ದ. ಫೋಟೊ ತೆಗೆಯುವುದು ಅವನ ಕೆಲಸ. ಡಾರ್ಕ್‌ರೂಮು, ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ರಿಟಚಿಂಗ್, ಲೆಕ್ಕದ ಪುಸ್ತಕ ನನ್ನವು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲ್ ತೊಳೆದ ಕೈ ಇದು. ಆ ಕಾರ್ಖಾನೆಯೂ ಮುಚ್ಚಿತು, ನಮ್ಮ ಸ್ಟುಡಿಯೊವೂ ಮುಚ್ಚಿತು. ಅಣ್ಣ ಈಗ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದಾನೆ. ಅಂಗಡಿ ಖಾಲಿ ಮಾಡಿ ಮಾಲೀಕರಿಗೆ ಬಿಟ್ಟುಕೊಡುವ ಕೆಲಸ ನನ್ನ ತಲೆಗೆ ಬಂದಿದೆ.

ಕಪಾಟಿನಲ್ಲಿ ಒಂದು ಯಾಶಿಕಾ ಮ್ಯಾಟ್ 124ಜಿ, ಎರಡು ಪೆಂಟಾಕ್ಸ್ ಕೆ1000, ಒಂದು ಯಾಶಿಕಾ ಎಲೆಕ್ಟ್ರೊ 35, ಯಾರೋ ರಿಪೇರಿಗೆ ಕೊಟ್ಟು ಮರೆತು ಹೋದ ಆಗ್ಫಾ ಕ್ಲಿಕ್ 3 ಇವೆ. ಒಂದೂ ಪೂರ್ತಿ ಸರಿ ಇಲ್ಲ. ಫೋನಿನಲ್ಲಿ ಕೇಳಿದರೆ ಅಣ್ಣ “ಎಲ್ಲ ಗುಜರಿಗೆ ಹಾಕು ಮಾರಾಯ್ತಿ” ಅಂದ. ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಇನ್ನೊಬ್ಬರು ಬಂದು ಕಾಫಿ ಅಂಗಡಿಯ ಗೋಡೆಗೆ ಶೋ ಇಡಲು ಬೇಕು ಅಂದರು. ಶಟರ್ ಒತ್ತಿ ಸಹ ನೋಡಲಿಲ್ಲ. ಇಬ್ಬರಿಗೂ ಕೊಟ್ಟಿಲ್ಲ.

ಕಾರಣ ಸರಳ. ಈ ಕ್ಯಾಮೆರಾಗಳಿಗೆ ಹೊಸ ಪಾರ್ಟ್ಸ್ ಬರುವುದಿಲ್ಲ. ಕೆ1000 ತಯಾರಿಕೆ 1997ಕ್ಕೇ ನಿಂತಿತು. ಮ್ಯಾಟ್ ಅದಕ್ಕೂ ಎಷ್ಟೋ ಮೊದಲೇ ನಿಂತಿತ್ತು. ಎಲ್ಲೋ ಒಬ್ಬ ಮೆಕ್ಯಾನಿಕ್ ಒಂದು ಮ್ಯಾಟ್ ಸರಿ ಮಾಡಬೇಕು ಅಂದರೆ ಅವನಿಗೆ ಇನ್ನೊಂದು ಮ್ಯಾಟ್ ಸಿಗಬೇಕು. ಅದರ ಲೆನ್ಸ್ ಕುರುಡಾಗಿದ್ದರೂ ಪರವಾಗಿಲ್ಲ, ಹಲ್ಲುಚಕ್ರ ಚೆನ್ನಾಗಿದ್ದರೆ ಸಾಕು. ನಾವು ಗುಜರಿಗೆ ಹಾಕುವ ಒಂದೊಂದು ಬಾಡಿಯ ಜೊತೆ ಬೇರೆ ಕಡೆ ಬದುಕಬಹುದಾದ ಒಂದು ಕ್ಯಾಮೆರಾ ಹೋಗುತ್ತದೆ. ಆದರೆ ಯಾವುದು ಕೆಟ್ಟಿದೆ, ಯಾವುದು ಚೆನ್ನಾಗಿದೆ ಅಂತ ಮಾರುವವರು ಹೇಳದಿದ್ದರೆ ಕೊಳ್ಳುವವನಿಗೆ ಗೊತ್ತಾಗುವುದು ಹೇಗೆ?

ನನ್ನ ತಂಗಿಯ ಮಗಳು ಹುಬ್ಬಳ್ಳಿಯಲ್ಲಿ ಓದುತ್ತಿದ್ದಾಳೆ. ಅವಳೂ ಆನ್‌ಲೈನ್‌ನಲ್ಲಿ ಒಂದು ಎಲೆಕ್ಟ್ರೊ 35 ತರಿಸಿದಳು. “ಟೆಸ್ಟ್ ಮಾಡಿಲ್ಲ, ಇದ್ದ ಹಾಗೆ ಮಾರಾಟ” ಅಂತ ಬರೆದಿದ್ದರಂತೆ. ತಳದ ಸೆಲ್ ಮುಚ್ಚಳ ತೆಗೆದರೆ ಒಳಗೆ ಹಸಿರು ಕಿಲುಬು. ಮುಚ್ಚಳದ ಅಂಚಿನಲ್ಲಿ ಯಾರೋ ಇತ್ತೀಚೆಗೆ ಕೆರೆದ ಗುರುತೂ ಇತ್ತು. ತೆಗೆದು ನೋಡಿಯೇ ಮುಚ್ಚಿದ್ದಾರೆ! ನಲವತ್ತು ಐವತ್ತು ವರ್ಷದ ಕ್ಯಾಮೆರಾ ಕೈಗೆ ಬಂದರೆ ರೋಲ್ ಸರಿಸುವ ಲಿವರ್ ಎಳೆದು ಶಟರ್ ಒತ್ತದವರು ಯಾರಿದ್ದಾರೆ ಹೇಳಿ. ‘ಟೆಸ್ಟ್ ಮಾಡಿಲ್ಲ’ ಅನ್ನುವುದು, ಎಮ್ಮೆ ಮಾರುವವನು ನಾನು ಇದರ ಹಾಲೇ ಕರೆದಿಲ್ಲ ಅಂದ ಹಾಗೆ.

ಟೆಸ್ಟ್ ಮಾಡಲು ದೊಡ್ಡ ವಿದ್ಯೆ ಬೇಡ. ರೋಲೂ ಬೇಡ. ಮೊದಲು ಲೆನ್ಸಿನ ಕಣ್ಣು (ಅಪರ್ಚರ್) ಪೂರ್ತಿ ಅಗಲ ಮಾಡಿ, ಶಟರ್ ತೆರೆದಿಟ್ಟು ಹಿಂದಿನಿಂದ ಟಾರ್ಚ್ ಬಿಡಿ. ನಮ್ಮ ಮಲೆನಾಡಿನಲ್ಲಂತೂ ನೋಡಲೇಬೇಕಾದ್ದು ಇದು. ಮಳೆಗಾಲದಲ್ಲಿ ಇಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಲೆನ್ಸ್ ಬಿಡುತ್ತದೆಯೇ? ಅದಕ್ಕೇ ನಾವು ಕ್ಯಾಮೆರಾ ಕಪಾಟಿನ ಒಳಗೆ ನಲವತ್ತು ವ್ಯಾಟಿನ ಬಲ್ಬ್ ಉರಿಸುತ್ತಿದ್ದೆವು. ಅಂಗಡಿ ಬಾಗಿಲು ಹಾಕಿದ ಮೇಲೆ ಬಲ್ಬೂ ಆರಿತು, ಫಂಗಸ್ ಬಂತು. ಜೇಡರ ಬಲೆಯ ಎಳೆ ಥರ ಕಂಡರೆ ಅದೇ. ಬಿಚ್ಚಿ ಒರೆಸಿದರೆ ಹೋಗುತ್ತದೆ. ಆದರೆ ತುಂಬಾ ದಿನ ಕೂತಿದ್ದರೆ ಗಾಜಿನ ಮೇಲಿನ ಕೋಟಿಂಗ್ ತಿಂದಿರುತ್ತದೆ. ಆ ಕಲೆ ಹೋಗುವುದಿಲ್ಲ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಎರಡು ಗಾಜು ಅಂಟಿಸಿದ ಕಡೆ ಬಿಟ್ಟುಕೊಂಡಿದೆ ಅಂತ ಅರ್ಥ. ಅದಕ್ಕೆ ಕೈ ಹಾಕುವ ಮೆಕ್ಯಾನಿಕ್ ಸಿಗುವುದು ಕಷ್ಟ.

ಆಮೇಲೆ ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ನಿಧಾನದ ಸ್ಪೀಡುಗಳೇ ಮೊದಲು ಕೈಕೊಡುವುದು, ಒಳಗಿನ ಗ್ರೀಸು ಗಟ್ಟಿಯಾಗಿರುತ್ತದೆ. ನಮ್ಮ ಮ್ಯಾಟ್‌ನ ಗೋಳು ಇದೇ. ಐನೂರರಲ್ಲಿ, ಅಂದರೆ ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ, ಟಕ್ ಅನ್ನುತ್ತದೆ, ಒಂದು ಸೆಕೆಂಡಿಗೆ ಇಟ್ಟರೆ ತೆರೆದ ಕಣ್ಣು ಮುಚ್ಚುವುದೇ ಇಲ್ಲ. ಎಲೆಕ್ಟ್ರೊದಲ್ಲಿ ಲಿವರ್ ಎಳೆಯುವಾಗ ಒಳಗಿನಿಂದ ‘ಟಕ್’ ಅಂತ ಸದ್ದು ಬರಬೇಕು. ಬರದಿದ್ದರೆ ಒಳಗಿನ ಒಂದು ಪುಟ್ಟ ರಬ್ಬರ್ ಪ್ಯಾಡ್ ಪುಡಿಯಾಗಿದೆ. ಚಿತ್ರಗಳು ಬೆಳಕು ಜಾಸ್ತಿಯಾಗಿ ಬೆಳ್ಳಗಾಗುತ್ತವೆ. ಹಿಂದಿನ ಬಾಗಿಲಿನ ಕಪ್ಪು ಫೋಮ್ ಅಂಟಂಟಾಗಿದ್ದರೆ ಗಾಬರಿ ಬೇಡ, ಅದು ಎಲ್ಲದರಲ್ಲೂ ಆಗುತ್ತದೆ. ಕೆರೆದು ಹೊಸದು ಅಂಟಿಸಿದರೆ ಮುಗಿಯಿತು.

ಬೆಳಕು ಅಳೆಯುವ ಮೀಟರಿನ ಮುಳ್ಳು ಅಲ್ಲಾಡದಿದ್ದರೆ ತಕ್ಷಣ ಸತ್ತಿದೆ ಅನ್ನಬೇಡಿ. ಮ್ಯಾಟ್‌ಗೆ ಹಾಕುತ್ತಿದ್ದ 1.35 ವೋಲ್ಟಿನ ಪಾದರಸದ ಸೆಲ್ ಈಗ ಸಿಗುವುದಿಲ್ಲ. ಮಾಮೂಲು 1.5 ವೋಲ್ಟಿನದು ಹಾಕಿದರೆ ಮುಳ್ಳು ತಪ್ಪು ತೋರಿಸುತ್ತದೆ. ನಾನು ಅಣ್ಣನ ಕಿವಿ ಮಷೀನಿನ 675 ನಂಬರಿನ ಸೆಲ್ಲಿಗೆ ಸುತ್ತ ರಬ್ಬರ್ ರಿಂಗ್ ಕೊಟ್ಟು ಕೂರಿಸಿದೆ. ಅದು 1.4 ವೋಲ್ಟು. ಮುಳ್ಳು ಎದ್ದಿತು. ಅಣ್ಣನಿಗೆ ಹೇಳಿದರೆ “ನನ್ನ ಕಿವಿಗಿಂತ ಅದಕ್ಕೇ ಚೆನ್ನಾಗಿ ಕೇಳುತ್ತಿರಬೇಕು” ಅಂದ. ಕೆ1000ಕ್ಕೆ ಸೆಲ್ ಬೇಕಾಗಿರುವುದು ಮೀಟರಿಗೆ ಮಾತ್ರ, ಶಟರ್ ಸೆಲ್ ಇಲ್ಲದೆಯೂ ಓಡುತ್ತದೆ. ಇದು ಗೊತ್ತಿಲ್ಲದೆ ಚೆನ್ನಾಗಿರುವುದನ್ನೇ ‘ಡೆಡ್’ ಅಂತ ಮಾರಿದವರಿದ್ದಾರೆ.

ಇಷ್ಟನ್ನೂ ನೋಡಿ ಒಂದೊಂದು ಕ್ಯಾಮೆರಾಕ್ಕೂ ಚೀಟಿ ಕಟ್ಟಿದ್ದೇನೆ. ಒಂದು ಕೆ1000ಕ್ಕೆ “ಮೀಟರ್ ಇಲ್ಲ, ಶಟರ್ ಎಲ್ಲ ಸ್ಪೀಡಿನಲ್ಲೂ ಓಡುತ್ತದೆ, ಫೋಮ್ ಬದಲಿಸಬೇಕು”. ಇನ್ನೊಂದಕ್ಕೆ “ಕೆಳಗೆ ಬಿದ್ದಿದೆ, ಪಾರ್ಟ್ಸ್‌ಗೆ ಮಾತ್ರ”. ಅಣ್ಣನಿಗೆ ಈ ಚೀಟಿ ಇಷ್ಟವಿಲ್ಲ. ಇದ್ದ ದೋಷವೆಲ್ಲ ಬರೆದರೆ ಕೊಳ್ಳುವವರು ಯಾರು ಅನ್ನುತ್ತಾನೆ. ರೇಟ್ ಕಡಿಮೆಯಾಗುತ್ತದೆ, ನಿಜ. ಆದರೆ ಚೀಟಿ ಓದಿಕೊಂಡು ಬಂದವರು ಮಾತ್ರ ಬರುತ್ತಾರೆ, ವಾಪಸ್ ತೆಗೆದುಕೊಳ್ಳಿ ಅಂತ ಜಗಳವೂ ಇಲ್ಲ. ಕ್ಲಿಕ್ 3ಕ್ಕೆ ದುಡ್ಡೇ ಕೇಳುತ್ತಿಲ್ಲ. ತೀರಾ ಸರಳ ಕ್ಯಾಮೆರಾ ಅದು. ಯಾವುದಾದರೂ ಹೈಸ್ಕೂಲ್ ಹುಡುಗ ಬಿಚ್ಚಿ ಕಲಿಯಲಿ.

ಕೊಳ್ಳುವ ಮಕ್ಕಳಿಗೂ ಒಂದು ಮಾತು. ಮೂವತ್ತಾರು ಚಿತ್ರದ ಒಂದು ಕಲರ್ ರೋಲ್ ಅಗ್ಗವಲ್ಲ. ತೊಳೆಸುವುದು, ಸ್ಕ್ಯಾನ್ ಬೇರೆ. ರಿಪೇರಿ ಕೂಲಿ ಕ್ಯಾಮೆರಾದ ಬೆಲೆಯನ್ನೂ ಮೀರಬಹುದು. ಅಗ್ಗ ಅಂತ ಮೂರು ಕೆಟ್ಟ ಕ್ಯಾಮೆರಾ ಗುಡ್ಡೆ ಹಾಕಿಕೊಳ್ಳುವ ಬದಲು, ಯಾರಾದರೂ ಸರ್ವಿಸ್ ಮಾಡಿಸಿ ಇಟ್ಟ ಒಂದನ್ನು ಸ್ವಲ್ಪ ಜಾಸ್ತಿ ಕೊಟ್ಟು ಕೊಳ್ಳಿ.

ಮಾರುವವರಿಗೆ ಇನ್ನೊಂದು ಮಾತು: ಟೆಸ್ಟ್ ಮಾಡಲು ಹಿಂದಿನ ಬಾಗಿಲು ತೆಗೆಯುವ ಮೊದಲೇ ಒಳಗೆ ರೋಲ್ ಇದೆಯೇ ನೋಡುವುದನ್ನು ಮರೆಯಬೇಡಿ. 35 ಎಂಎಂ ಕ್ಯಾಮೆರಾ ಆದರೆ ರಿವೈಂಡ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ. ಬಿಗಿಯಾದರೆ ಒಳಗೆ ರೋಲ್ ಇದೆ, ಪೂರ್ತಿ ಸುತ್ತಿಕೊಂಡೇ ಬಾಗಿಲು ತೆಗೆಯಿರಿ.

ಕಾಫಿ ಅಂಗಡಿಯವರು ಹೋಗುವಾಗ ನಮ್ಮ ನೆಗೆಟಿವ್ ಪೆಟ್ಟಿಗೆಗಳನ್ನೂ ಕೇಳಿದರು. ಹಿಂದಿನಿಂದ ಲೈಟ್ ಬಿಟ್ಟು ಗೋಡೆಗೆ ಹಚ್ಚುತ್ತಾರಂತೆ. ಅವು ಮಾರಾಟಕ್ಕಿಲ್ಲ. ಊರಿನವರ ಮದುವೆ, ಉಪನಯನ, ಮಕ್ಕಳ ನಾಮಕರಣ ಅದರಲ್ಲಿವೆ. ದೀಪಾವಳಿ ಕಳೆದ ಮೇಲೆ ಅಂಗಡಿ ನಮ್ಮ ಕೈಯಲ್ಲಿರುವುದಿಲ್ಲ. ಅಷ್ಟರೊಳಗೆ ಯಾರಾದರೂ ಬಂದರೆ ಅವರವರದ್ದು ಅವರವರಿಗೆ ಕೊಡುತ್ತೇನೆ. ರಸೀದಿ ಇಲ್ಲದಿದ್ದರೂ ಆಯಿತು, ಮದುವೆಯಾದ ವರ್ಷ, ಮನೆಯ ಹೆಸರು ಹೇಳಿ. ರಿಜಿಸ್ಟರ್ ಬರೆದವಳು ನಾನೇ, ಹುಡುಕಿ ಕೊಡುತ್ತೇನೆ. ಬೆಳಗಿನ ಹೊತ್ತು ಬಂದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ಅಲ್ಲಿ ಕರೆಂಟ್ ಇರುವುದಿಲ್ಲ.

— ಹಳೆಯ ಸ್ಟುಡಿಯೊದ ಡಾರ್ಕ್‌ರೂಮಿನವಳು, ಶಿರಸಿ